ಗೂಡಿನ ಶಾಂತಿ, ಗೃಹಸ್ಥನ ಹೊಣೆ

ಹಿಂಸೆಯೆಂದರೆ ಎತ್ತಿದ ಕೈ, ಆಡಿದ ಕಟುನುಡಿ ಎಂದೇ ಲೋಕ ತಿಳಿಯುತ್ತದೆ. ಯಾರ ಮೇಲೂ ಕೈ ಎತ್ತದೆ, ಯಾರಿಗೂ ಕೆಡುಕು ಬಯಸದೆ, ತನ್ನ ಪಾಡಿಗೆ ತಾನಿದ್ದ ಗೃಹಸ್ಥನಿಂದಲೂ ಜೀವಹಾನಿ ನಡೆಯಬಹುದು. ಅದಕ್ಕೆ ಕಾರಣ ದ್ವೇಷವಲ್ಲ, ಪ್ರಮಾದ. ಸ್ವಾಧ್ಯಾಯದ ಸಭೆಗಳಲ್ಲಿ ಈ ಮಾತನ್ನು ಕೇಳದವರಿಲ್ಲ. ಆದರೆ ಕೇಳಿದ್ದು ಅನುಭವಕ್ಕೆ ಬರುವುದು ಅಪರೂಪ. ಹುಬ್ಬಳ್ಳಿಯ ಒಂದು ಶ್ರಾವಕ ಕುಟುಂಬಕ್ಕೆ ಆ ಅನುಭವವನ್ನು ತಂದುಕೊಟ್ಟವು ಎರಡು ಗಿನಿ ಹಂದಿಗಳು.

ಅದು ಮೂರು ತಲೆಮಾರುಗಳಿಂದ ಕಾಳುಕಡಿಯ ವ್ಯಾಪಾರ ಮಾಡಿಕೊಂಡು ಬಂದ ಮನೆ. ಸೂರ್ಯಾಸ್ತದ ಬಳಿಕ ಅಲ್ಲಿ ಒಲೆ ಹೊತ್ತುವುದಿಲ್ಲ. ಕಂದಮೂಲ ಹೊಸ್ತಿಲು ದಾಟುವುದಿಲ್ಲ. ಮನೆಯ ಹಿರಿಯರಿಗೆ ಎಪ್ಪತ್ತು ದಾಟಿದೆ. ಅಂಗಡಿಯ ಲೆಕ್ಕವನ್ನು ಮಗ ಕಂಪ್ಯೂಟರಿನಲ್ಲಿ ಬರೆದರೂ, ದೀಪಾವಳಿಯ ಪಾಡ್ಯದಂದು ಕೆಂಪು ಬಟ್ಟೆಯ ಕಿರ್ದಿಗೆ ಪೂಜೆ ಮಾಡಿ ಮೊದಲ ಸಾಲನ್ನು ಬರೆಯುವವರು ಅವರೇ. ಹತ್ತು ವರ್ಷದ ಮೊಮ್ಮಗಳು ಒಂದು ಪ್ರಾಣಿಯನ್ನು ಸಾಕಬೇಕೆಂದು ಬಹುದಿನಗಳಿಂದ ಹಟ ಹಿಡಿದಿದ್ದಳು. ನಾಯಿ, ಬೆಕ್ಕು ಮಾಂಸಾಹಾರಿಗಳೆಂದು ಅಜ್ಜಿ ಒಪ್ಪಿರಲಿಲ್ಲ. ಹುಲ್ಲು ಸೊಪ್ಪು ಬಿಟ್ಟು ಬೇರೇನನ್ನೂ ಮುಟ್ಟದ ಪ್ರಾಣಿಯೊಂದಿದೆ ಎಂದು ಶಾಲೆಯ ಗೆಳತಿಯೊಬ್ಬಳು ಹೇಳಿದ ಮೇಲೆ ನಿರಾಕರಿಸಲು ಕಾರಣ ಉಳಿಯಲಿಲ್ಲ. 2022ರ ದೀಪಾವಳಿಯ ರಜೆಯಲ್ಲಿ ಸಾಕುಪ್ರಾಣಿ ಮಾರುವ ಅಂಗಡಿಯೊಂದರಿಂದ ಎರಡು ಗಿನಿ ಹಂದಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬಂದವು. ಅಂಗಡಿಯವನು ಎರಡನ್ನೂ ಎತ್ತಿ ನೋಡಿ, ಎರಡೂ ಹೆಣ್ಣು, ಜಗಳವಿಲ್ಲ, ಮರಿಗಳ ಚಿಂತೆಯೂ ಇಲ್ಲ ಎಂದು ಭರವಸೆ ಕೊಟ್ಟಿದ್ದ. ಅಜ್ಜ ಅಂದಿನ ಕಿರ್ದಿಯಲ್ಲಿ ಆ ಹಣವನ್ನು ಮನೆಖರ್ಚು ಎಂದು ಬರೆದರು.

ಈ ಪ್ರಾಣಿ ಹಂದಿಯ ಜಾತಿಗೆ ಸೇರಿದ್ದಲ್ಲ; ಆಫ್ರಿಕದ ಗಿನಿ ದೇಶದ್ದೂ ಅಲ್ಲ. ಇಲಿ ಅಳಿಲುಗಳಂತೆ ದಂಶಕ ವರ್ಗಕ್ಕೆ ಸೇರಿದ ಇದರ ಮೂಲ ದಕ್ಷಿಣ ಅಮೆರಿಕ. ಆಂಡೀಸ್ ಪರ್ವತಗಳ ಜನರು ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಮಾಂಸಕ್ಕಾಗಿ ಪಳಗಿಸಿದರು. ಪೆರು ದೇಶದಲ್ಲಿ ಇಂದಿಗೂ ಇದನ್ನು ಆಹಾರವಾಗಿ ಬಳಸುತ್ತಾರೆ. 16ನೆಯ ಶತಮಾನದಲ್ಲಿ ಹಡಗುಗಳಲ್ಲಿ ಯೂರೋಪಿಗೆ ಹೋದ ಈ ಜೀವಿ ಅಲ್ಲಿ ಶ್ರೀಮಂತರ ಮನೆಯ ಆಟದ ವಸ್ತುವಾಯಿತು, ಅನಂತರ ಪ್ರಯೋಗಶಾಲೆಯ ಪಶುವಾಯಿತು. 1882ರಲ್ಲಿ ರಾಬರ್ಟ್ ಕಾಕ್ ಕ್ಷಯರೋಗದ ಕ್ರಿಮಿಯನ್ನು ಪ್ರಕಟಿಸಿದ್ದರ ಹಿಂದೆ ಇವುಗಳ ಬಲಿಯಿದೆ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರಾಲಿಶ್ ಎಂಬ ವಿಜ್ಞಾನಿಗಳು ಆಹಾರದ ಕೊರತೆಯಿಂದ ಇವುಗಳಿಗೆ ಸ್ಕರ್ವಿ ರೋಗ ಬರುವುದನ್ನು ತೋರಿಸಿಕೊಟ್ಟರು. ಸಿ ಜೀವಸತ್ವದ ಶೋಧಕ್ಕೆ ಅದು ದಾರಿಯಾಯಿತು. ಮನುಷ್ಯನಂತೆಯೇ ಈ ಪ್ರಾಣಿಯೂ ಆ ಜೀವಸತ್ವವನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು. ಹೀಗೆ ಮನುಷ್ಯನು ತಿಂದದ್ದು, ಆಡಿದ್ದು, ಅರಿತದ್ದು ಎಲ್ಲಕ್ಕೂ ಬೆಲೆ ತೆತ್ತ ಈ ಮೂಕಜೀವಿಗೆ ಒಂದೇ ಒಂದು ಬಯಕೆ: ತನ್ನಂತಹವರ ಜೊತೆಯಲ್ಲಿರುವುದು. ಗುಂಪಿನಲ್ಲಿ ಬಾಳುವುದೇ ಅದರ ಸ್ವಭಾವ.

ಮನೆಯವರು ಅವುಗಳನ್ನು ಪ್ರೀತಿಯಿಂದಲೇ ನೋಡಿಕೊಂಡರು. ಒಳ ಪಡಸಾಲೆಯ ತಂಪಿನಲ್ಲಿ ಮರದ ಗೂಡು ಮಾಡಿಸಿದರು. ಗಜ್ಜರಿಯು ಕಂದಮೂಲವಾದ್ದರಿಂದ ಅದರ ಬದಲಿಗೆ ಗರಿಕೆ, ಕೊತ್ತಂಬರಿ, ದೊಣ್ಣೆಮೆಣಸಿನಕಾಯಿ, ಪೇರಲ ಹಣ್ಣಿನ ತುಣುಕು ಕೊಟ್ಟರು. ಇದರಿಂದ ಕೊರತೆಯೇನೂ ಆಗಲಿಲ್ಲ. ದೊಣ್ಣೆಮೆಣಸಿನಕಾಯಿಯಲ್ಲೂ ಪೇರಲದಲ್ಲೂ ಸಿ ಜೀವಸತ್ವ ಹೇರಳವಾಗಿದೆ. ಮೊಮ್ಮಗಳು ಒಂದು ಸಂಜೆ, "ಅಜ್ಜೀ, ಹೊತ್ತು ಮುಳುಗಿತು, ಇನ್ನು ಇವಕ್ಕೂ ಊಟ ಬೇಡ" ಎಂದು ಹುಲ್ಲನ್ನು ಎತ್ತಲು ಹೋದಾಗ ಅಜ್ಜಿ ತಡೆದರು. "ವ್ರತ ತೊಟ್ಟವರು ನಾವು, ಕೂಸೇ. ಅವು ತೊಟ್ಟಿಲ್ಲ. ಅವುಗಳ ಮುಂದಿನ ಹುಲ್ಲನ್ನು ತೆಗೆದರೆ ಅದು ನಮಗೆ ದೋಷ." ಅಜ್ಜಿಯ ಮಾತು ಶಾಸ್ತ್ರಕ್ಕೂ ಸರಿ, ವೈದ್ಯಕ್ಕೂ ಸರಿ. ಈ ಪ್ರಾಣಿಯ ಕರುಳು ಹಗಲಿರುಳೂ ಕೆಲಸಮಾಡುತ್ತಿರಬೇಕು. ಬಹಳ ಹೊತ್ತು ಆಹಾರವಿಲ್ಲದೆ ಹೋದರೆ ಜೀವಕ್ಕೇ ಅಪಾಯ.

2023ರ ಜನವರಿ 2ರ ಬೆಳಿಗ್ಗೆ ಗೂಡಿನಲ್ಲಿ ಮೂರು ಮರಿಗಳಿದ್ದವು. ಎರಡೂ ಹೆಣ್ಣೆಂದು ಹೇಳಿದ್ದು ಸುಳ್ಳಾಯಿತು. ಅಥವಾ ಅಂಗಡಿಯವನಿಗೇ ತಿಳಿದಿರಲಿಲ್ಲ. ಎಳೆಯ ಪ್ರಾಣಿಗಳಲ್ಲಿ ಗಂಡು ಹೆಣ್ಣಿನ ಭೇದ ಮೇಲ್ನೋಟಕ್ಕೆ ಕಾಣುವುದಿಲ್ಲ. ಬಲ್ಲವರು ಎತ್ತಿ ಸೂಕ್ಷ್ಮವಾಗಿ ಪರೀಕ್ಷಿಸಬೇಕು. ಗಿನಿ ಹಂದಿಯ ಮರಿಗಳು ಇಲಿಮರಿಗಳಂತೆ ಕುರುಡಾಗಿ, ಬರಿಮೈಯಾಗಿ ಹುಟ್ಟುವುದಿಲ್ಲ. ಮೈತುಂಬ ರೋಮ, ತೆರೆದ ಕಣ್ಣು, ಕೆಲವೇ ಗಂಟೆಗಳಲ್ಲಿ ಓಡಾಟ, ಮೊದಲ ದಿನಗಳಲ್ಲೇ ಹುಲ್ಲಿನ ರುಚಿ. ಮನೆಮಂದಿಯ ಸಂತೋಷಕ್ಕೆ ಪಾರವಿಲ್ಲ. ಅಜ್ಜಿ ಬಾಣಂತಿಗೆಂದು ಎಳೆ ಗರಿಕೆಯನ್ನು ತಾವೇ ಆರಿಸಿ ತಂದರು. ಆದರೆ ಆ ಸಂಭ್ರಮದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಗಂಡು ಅದೇ ಗೂಡಿನಲ್ಲಿತ್ತು.

ಹೆತ್ತ ಕೆಲವೇ ಗಂಟೆಗಳಲ್ಲಿ ಹೆಣ್ಣು ಗಿನಿ ಹಂದಿ ಮತ್ತೆ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 59ರಿಂದ 72 ದಿನ. ಹೆಣ್ಣುಮರಿ ಹುಟ್ಟಿದ ನಾಲ್ಕರಿಂದ ಆರು ವಾರಗಳೊಳಗೆ ಗರ್ಭ ಧರಿಸಬಲ್ಲದು. ಗಂಡುಮರಿಗಳನ್ನು ಮೂರು ವಾರಕ್ಕೇ ತಾಯಿಯಿಂದಲೂ ಅಕ್ಕತಂಗಿಯರಿಂದಲೂ ಬೇರ್ಪಡಿಸಬೇಕೆಂಬ ನಿಯಮಕ್ಕೆ ಇದೇ ಕಾರಣ. ಹುಲ್ಲುಗಾವಲಿನಲ್ಲಿ ಹದ್ದು, ನರಿ, ಚಳಿ, ಹಸಿವುಗಳು ಈ ಸಂತಾನಕ್ಕೆ ಮಿತಿ ಹಾಕುತ್ತವೆ. ಗೂಡಿನಲ್ಲಿ ಮಿತಿ ಹಾಕುವವನು ಸಾಕಿದವನೊಬ್ಬನೇ. ಐವತ್ತು ವರ್ಷ ಚಕ್ರಬಡ್ಡಿಯ ಲೆಕ್ಕವನ್ನು ಬೆರಳ ತುದಿಯಲ್ಲಿ ಮಾಡಿದ ವರ್ತಕರಿಗೆ ತಮ್ಮ ಪಡಸಾಲೆಯಲ್ಲಿ ಬೆಳೆಯುತ್ತಿದ್ದ ಈ ಚಕ್ರಬಡ್ಡಿ ಕಾಣಲಿಲ್ಲ.

ಮಾರ್ಚ್ 11ರ ರಾತ್ರಿ ತಾಯಿಗೆ ಎರಡನೆಯ ಹೆರಿಗೆಯ ನೋವು ಬಂದಿತು. ಅದರ ಮೈ ಅದಾಗಲೇ ಸೊರಗಿತ್ತು. ಮೊದಲ ಮರಿಗಳಿಗೆ ಹಾಲೂಡಿದ ದಿನಗಳಲ್ಲೇ ಗರ್ಭದ ಮರಿಗಳನ್ನೂ ಹೊತ್ತಿತ್ತು. ಈ ಪ್ರಾಣಿಯ ಹೆರಿಗೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಅಂದು ಗಂಟೆಗಳು ಕಳೆದರೂ ಮುಗಿಯಲಿಲ್ಲ. ಆ ಹೊತ್ತಿನಲ್ಲಿ ವೈದ್ಯರು ಸಿಗಲಿಲ್ಲ. ಮೊಮ್ಮಗಳು ಗೂಡಿನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತೇ ಇದ್ದಳು. ಬೆಳಗಿನ ಜಾವಕ್ಕೆ ತಾಯಿಯೂ ಗರ್ಭದ ಮರಿಗಳೂ ಇಲ್ಲವಾದವು. ಅಜ್ಜ ಹಿತ್ತಲಿನಲ್ಲಿ ಗುಂಡಿ ತೋಡಿ, ಣಮೋಕಾರ ಮಂತ್ರವನ್ನು ಹೇಳಿ ಮಣ್ಣು ಮುಚ್ಚಿದರು.

"ಅಜ್ಜಾ, ನಾವು ಏನೂ ಮಾಡಲಿಲ್ಲವಲ್ಲ? ಮತ್ತೆ ಯಾಕೆ ಸತ್ತಿತು?" ಎಂದು ಹುಡುಗಿ ಕೇಳಿದಳು.

ಅಜ್ಜ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಏನೂ ಮಾಡಲಿಲ್ಲ, ಕೂಸೇ. ಅದೇ ತಪ್ಪಾಯಿತು" ಎಂದರು.

ಅಂದೇ ಅವರು ಉಳಿದ ನಾಲ್ಕು ಪ್ರಾಣಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯೆಯೊಬ್ಬರಲ್ಲಿಗೆ ಹೋದರು. ಅವರು ಪರೀಕ್ಷಿಸಿ ಹೇಳಿದ್ದು ಇಷ್ಟು: ದೊಡ್ಡದು ಗಂಡು, ಮರಿಗಳಲ್ಲಿ ಒಂದು ಗಂಡು, ಎರಡು ಹೆಣ್ಣು, ಆ ಎರಡು ಹೆಣ್ಣುಮರಿಗಳೂ ಗರ್ಭ ಧರಿಸಿವೆ. ಧರಿಸಿದ್ದು ತಂದೆಯಿಂದಲೋ ಅಣ್ಣನಿಂದಲೋ ಹೇಳುವಂತಿಲ್ಲ. "ಯಜಮಾನರೇ, ಇವು ಎಳೆಯವು, ಹೆರಿಗೆ ದಾಟಬಹುದು. ಮೊದಲ ಹೆರಿಗೆ ಏಳೆಂಟು ತಿಂಗಳ ಮೇಲೆ ಬಿದ್ದರೆ ಕಟಿಯ ಮೂಳೆ ಬೆಸೆದುಕೊಂಡು ಮರಿ ಹೊರಬರಲು ದಾರಿಯೇ ಇರುವುದಿಲ್ಲ. ಬೇಗ ಬಸಿರಾದರೂ ಕಷ್ಟ, ತಡವಾದರೂ ಕಷ್ಟ. ಮೊದಲು ಗಂಡುಗಳನ್ನು ಬೇರೆ ಮಾಡಿ."

ಅಲ್ಲಿಂದ ಮುಂದೆ ಬಂಧುಗಳ ಸಲಹೆಗಳು ಬರತೊಡಗಿದವು. ಅಂಗಡಿಗೇ ಹಿಂದಿರುಗಿಸಿ ಎಂದರು ಒಬ್ಬರು. ಅಂಗಡಿಗೆ ಕೊಟ್ಟರೆ ಅವು ಮತ್ತೊಂದು ಮನೆಗೆ ಗಂಡು ಹೆಣ್ಣಿನ ವಿಚಾರವಿಲ್ಲದೆ ಮಾರಾಟವಾಗುತ್ತವೆ; ಇದೇ ಕಥೆ ಬೇರೊಂದು ಪಡಸಾಲೆಯಲ್ಲಿ ನಡೆಯುತ್ತದೆ. ಇನ್ನೊಬ್ಬರು, ಮಹಾವೀರ ಜಯಂತಿಯಂದು ಊರ ಹೊರಗಿನ ಹೊಲದಲ್ಲಿ ಬಿಟ್ಟುಬಿಡಿ, ಅಭಯದಾನದ ಪುಣ್ಯವೂ ಬಂದೀತು ಎಂದರು. ಪಂಜರದ ಹಕ್ಕಿಯನ್ನು ಬಿಡಿಸುವುದನ್ನು ಕಂಡವರಿಗೆ ಈ ಮಾತು ಸಹಜವೆನಿಸಬಹುದು. ಆದರೆ ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ಬೆಳೆದು, ವೈರಿಯಿಂದ ಅಡಗಿಕೊಳ್ಳುವ ಕಲೆಯನ್ನು ಮರೆತ ಪ್ರಾಣಿಗೆ ಧಾರವಾಡ ಸೀಮೆಯ ಬೇಸಿಗೆಯ ಹೊಲವೆಂದರೆ ನಾಯಿಗಳ ಬಾಯಿ, ಗಿಡುಗನ ಉಗುರು, ತಡೆಯಲಾಗದ ಬಿಸಿಲು. ಅದಕ್ಕೆ ಅಭಯದಾನವೆಂಬ ಹೆಸರಿಡುವುದು ಹೆಸರಿಗೇ ಅಪಚಾರ.

ಮೂರನೆಯ ಸಲಹೆ, ಬಸದಿಯ ಟ್ರಸ್ಟಿನ ಗೋಶಾಲೆಗೆ ಒಪ್ಪಿಸುವುದು. ಅಜ್ಜ ಟ್ರಸ್ಟಿನ ಕಾರ್ಯದರ್ಶಿಗಳನ್ನು ಕಂಡರು. ಕಾರ್ಯದರ್ಶಿಗಳು ಸಂಕೋಚದಿಂದಲೇ, "ತಾವು ಹಿರಿಯರು, ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಆದರೆ ಅಲ್ಲಿ ಬೆಕ್ಕುಗಳಿವೆ, ಇರುಳು ನೋಡಿಕೊಳ್ಳುವವರಿಲ್ಲ. ಇವತ್ತು ನಾಲ್ಕು, ದೀಪಾವಳಿಗೆ ನಲವತ್ತಾದರೆ ಟ್ರಸ್ಟು ಯಾರ ಮನೆಗೆ ಕೊಟ್ಟೀತು?" ಎಂದರು. ಅಜ್ಜ ಮರುಮಾತಾಡದೆ ಹಿಂದಿರುಗಿದರು. ತಮ್ಮ ಹೆಸರಿನ ಸಾಲವನ್ನು ದೇವಸ್ಥಾನದ ಹೆಸರಿಗೆ ವರ್ಗಾಯಿಸಲು ಹೋಗಿದ್ದೆನೆಂಬ ನಾಚಿಕೆ ಅವರನ್ನು ಕಾಡಿತೆಂದು ಅನಂತರ ಮನೆಯಲ್ಲಿ ಹೇಳಿಕೊಂಡರು.

ಹಾಗಾದರೆ ಬೇರ್ಪಡಿಸಿ ಸಾಕಿದರಾಯಿತಲ್ಲವೆ? ಅದನ್ನೂ ಮಾಡಿ ನೋಡಿದರು. ತಂದೆಯನ್ನೂ ಮಗನನ್ನೂ ಒಂದು ಗೂಡಿನಲ್ಲಿಟ್ಟು, ಹೆಣ್ಣುಗಳ ಗೂಡನ್ನು ಅದೇ ಪಡಸಾಲೆಯ ಇನ್ನೊಂದು ಮೂಲೆಯಲ್ಲಿಟ್ಟರು. ಹೆಣ್ಣಿನ ವಾಸನೆ ಹತ್ತಿರವಿದ್ದಾಗ ಎರಡು ಗಂಡುಗಳ ಸ್ನೇಹ ನಿಲ್ಲುವುದು ಕಷ್ಟ. ಹಲ್ಲು ಕಟಕಟಿಸುವುದರಿಂದ ಮೊದಲಾಗಿ ಮೂರನೆಯ ರಾತ್ರಿ ಮಗನ ಕಿವಿ ಹರಿದು ರಕ್ತ ಬಂದಿತು. ಎರಡನ್ನೂ ಒಂಟಿಯಾಗಿ ಇರಿಸಿದರು. ಜಗಳ ನಿಂತಿತು. ಆದರೆ ಹಿರಿಯ ಗಂಡು ಗೋಡೆಗೆ ಮುಖಮಾಡಿ ಕುಳಿತುಬಿಟ್ಟಿತು. ಮುಂದೆ ಹಾಕಿದ ಹುಲ್ಲು ಹಾಗೆಯೇ ಉಳಿಯಿತು. ಆಗಾಗ ಸಣ್ಣ ಸಿಳ್ಳಿನಂತಹ ದನಿಯಲ್ಲಿ ಕರೆಯುತ್ತಿತ್ತು. ಆಚೆಯ ಮೂಲೆಯಿಂದ ಉತ್ತರ ಬರುತ್ತಿತ್ತು.

ಈ ವರ್ತನೆ ಆ ಒಂದು ಮನೆಯ ವಿಶೇಷವಲ್ಲ. ಜರ್ಮನಿಯ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದ ನಾರ್ಬರ್ಟ್ ಸಾಕ್ಸರ್ ಮತ್ತು ಅವರ ಸಂಗಡಿಗರು ಈ ಪ್ರಾಣಿಗಳ ಸಹಜೀವನವನ್ನು ದಶಕಗಳ ಕಾಲ ಅಭ್ಯಾಸ ಮಾಡಿ, 1998ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಅದರ ಸಾರವನ್ನು ಕೊಟ್ಟಿದ್ದಾರೆ. ಗಂಡನ್ನು ಅಪರಿಚಿತ ಸ್ಥಳದಲ್ಲಿ ಒಂಟಿಯಾಗಿ ಬಿಟ್ಟರೆ ಅದರ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಕಳವಳದ ಸ್ರಾವ ಬಹಳ ಏರುತ್ತದೆ. ತನಗೆ ಒಲಿದ ಹೆಣ್ಣು ಜೊತೆಯಲ್ಲಿದ್ದರೆ ಆ ಏರಿಕೆ ಬಹುವಾಗಿ ತಗ್ಗುತ್ತದೆ. ಪರಿಚಯವಿಲ್ಲದ ಹೆಣ್ಣು ಜೊತೆಗಿದ್ದರೆ ಆ ಉಪಶಮನ ದೊರೆಯುವುದಿಲ್ಲ. ಹಿರಿಯ ಗಂಡುಗಳಿರುವ ಗುಂಪಿನಲ್ಲಿ ಬೆಳೆದ ಗಂಡು, ಮುಂದೆ ಹೊಸ ಗಂಡನ್ನು ಕಂಡಾಗ ಹೆಚ್ಚು ಕಾದಾಟವಿಲ್ಲದೆ ತನ್ನ ಸ್ಥಾನವನ್ನು ಕಂಡುಕೊಳ್ಳುತ್ತದೆ; ಹಿರಿಯರ ಸಂಗವಿಲ್ಲದೆ ಬೆಳೆದದ್ದು ಕಾದಾಡುತ್ತದೆ. ಸಂಯಮವು ಸಂಗದಿಂದ ಬರುತ್ತದೆಂಬುದು ಮನುಷ್ಯರಿಗೆ ಮಾತ್ರ ಸಲ್ಲುವ ಮಾತಲ್ಲ. ಸ್ವಿಟ್ಜರ್ಲೆಂಡ್ ದೇಶವು 2008ರ ಸೆಪ್ಟೆಂಬರ್ 1ರಿಂದ ಜಾರಿಗೆ ತಂದ ಪ್ರಾಣಿರಕ್ಷಣಾ ನಿಯಮದ ಪ್ರಕಾರ ಅಲ್ಲಿ ಗಿನಿ ಹಂದಿಯನ್ನು ಒಂಟಿಯಾಗಿ ಸಾಕುವಂತಿಲ್ಲ. ಜೋಡಿಯಲ್ಲಿ ಒಂದು ಸತ್ತರೆ ಉಳಿದದ್ದಕ್ಕೆ ಜೊತೆ ಒದಗಿಸಲು ಪ್ರಾಣಿಯನ್ನು ಬಾಡಿಗೆಗೆ ಕೊಡುವ ಪದ್ಧತಿಯೂ ಅಲ್ಲಿ ಹುಟ್ಟಿಕೊಂಡಿತು. ಒಂಟಿತನವೂ ಒಂದು ಬಂಧನವೆಂದು ಒಂದು ರಾಜ್ಯದ ಕಾನೂನೇ ಒಪ್ಪಿಕೊಂಡಂತಾಯಿತು.

ಪಶುವೈದ್ಯೆಯ ಬಳಿ ಮತ್ತೊಂದು ಮಾರ್ಗವಿತ್ತು. ಗಂಡುಗಳಿಗೆ ಬೀಜ ತೆಗೆಯುವ ಶಸ್ತ್ರಕ್ರಿಯೆ ಮಾಡಿಸಿ, ಆರು ವಾರ ಕಾದು, ಒಂದೊಂದು ಗಂಡನ್ನು ಎರಡು ಮೂರು ಹೆಣ್ಣುಗಳ ಜೊತೆ ಇರಿಸುವುದು. ಹೆಣ್ಣಿಗೆ ಮಾಡುವ ಶಸ್ತ್ರಕ್ರಿಯೆಗಿಂತ ಗಂಡಿಗೆ ಮಾಡುವುದು ಸುಲಭ. ಇಂತಹ ಒಂದು ಗಂಡು ಮತ್ತು ಕೆಲವು ಹೆಣ್ಣುಗಳ ಕೂಟವೇ ಗೂಡಿನಲ್ಲಿ ಅತ್ಯಂತ ಶಾಂತವಾಗಿರುತ್ತದೆ. ಅಜ್ಜ ಕೈಮುಗಿದು, "ಇದೊಂದನ್ನು ಮಾತ್ರ ಹೇಳಬೇಡಿ" ಎಂದು ಎದ್ದುಬಂದರು.

ಅವರ ನಿರಾಕರಣೆಗೆ ಆಧಾರವಿತ್ತು. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಗೃಹಸ್ಥನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರುಗಳನ್ನು ತಡೆಯುವುದು. 12ನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಶ್ರಾವಕನು ವರ್ಜಿಸಬೇಕಾದ ಹದಿನೈದು ವೃತ್ತಿಗಳ ವಿವರಣೆಯಿದ್ದು, ಪಶುಗಳ ಅಂಗವನ್ನು ಛೇದಿಸುವ ನಿರ್ಲಾಂಛನವೂ ಅವುಗಳಲ್ಲಿ ಒಂದು. ಈ ಎರಡನ್ನೂ ಅಜ್ಜ ಬಲ್ಲವರು. ಭಾನುವಾರದ ಸ್ವಾಧ್ಯಾಯ ಮುಗಿದ ಮೇಲೆ ಪಾಠಶಾಲೆಯ ವೃದ್ಧ ಪಂಡಿತರ ಮುಂದೆ ಎಲ್ಲವನ್ನೂ ನಿವೇದಿಸಿದರು.

ಪಂಡಿತರು ಸಮಾಧಾನವಾಗಿ ಕೇಳಿ, "ಸಾಹುಕಾರರೇ, ಆ ಹದಿನೈದರಲ್ಲಿ ಕೇಶವಾಣಿಜ್ಯವೂ ಇದೆಯಲ್ಲವೆ?" ಎಂದರು. ರೋಮವುಳ್ಳ ಜೀವಿಗಳನ್ನು ಕೊಂಡು ಮಾರುವ ವ್ಯಾಪಾರಕ್ಕೆ ಆ ಹೆಸರು. "ಮಾರುವವನಿಗೆ ದೋಷವಾದರೆ ಕೊಂಡವರಿಗೆ ಪಾಲಿಲ್ಲವೆ? ಗೂಡಿನ ಬಾಗಿಲು ಹಾಕಿದ ದಿನವೇ ಮೊದಲ ಅತಿಚಾರವಾಯಿತು. ಐದನೆಯದನ್ನು ತಪ್ಪಿಸಿದಿರಿ, ಸಂತೋಷ. ಆದರೆ ಮೊದಲನೆಯದನ್ನು ಮಾಡಿ, ಮೂರನೆಯದಕ್ಕೆ ಮಾತ್ರ ಹೆದರುತ್ತಿದ್ದೀರಿ."

"ಹಾಗಾದರೆ ಛೇದ ಮಾಡಿಸಬಹುದೆಂದು ಅಪ್ಪಣೆಯೆ, ಪಂಡಿತರೇ?"

"ಅಪ್ಪಣೆ ಕೊಡಲು ನಾನಾರು? ಛೇದವು ಛೇದವೇ. ಅದನ್ನು ದಯೆಯೆಂದು ಕರೆಯಬೇಡಿ. ಆದರೆ ತಮ್ಮ ಅಂಗಡಿಯ ಕಾಳಿನ ಹಿಂದೆ ಎಷ್ಟು ಎತ್ತುಗಳ ಬೀಜ ಒಡೆಸಿದ್ದಾರೋ ಅದನ್ನೂ ಯೋಚಿಸಿ. ಕಣ್ಣಿಗೆ ಕಾಣದ ಕಡೆ ನಡೆದದ್ದು ನಮ್ಮದಲ್ಲವೆಂದು ಇಷ್ಟು ವರ್ಷ ತಿಳಿದೆವು. ಈಗ ಕಣ್ಣೆದುರಿಗೆ ಬಂದಿದೆ. ಒಂದು ಕಡೆ ಒಂದು ಸಲದ ನೋವು. ಇನ್ನೊಂದು ಕಡೆ ಒಂಟಿತನದ ಬಾಳು, ಇಲ್ಲವೆ ಎಪ್ಪತ್ತು ದಿನಕ್ಕೊಮ್ಮೆ ಹುಟ್ಟು ಸಾವು. ಯಾವುದು ಕಡಿಮೆ ಹಿಂಸೆಯೋ ಅದನ್ನು ಹಿಂಸೆಯೆಂದೇ ಒಪ್ಪಿಕೊಂಡು ಮಾಡಿ, ಆಲೋಚನೆ ಮಾಡಿ, ಇನ್ನು ಮುಂದೆ ಇಂತಹ ಸಂದರ್ಭವನ್ನು ತಂದುಕೊಳ್ಳುವುದಿಲ್ಲವೆಂದು ಪ್ರತ್ಯಾಖ್ಯಾನ ಮಾಡಿ."

ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಎರಡು ಗಂಡುಗಳಿಗೂ ಶಸ್ತ್ರಕ್ರಿಯೆಯಾಯಿತು. ಇಷ್ಟು ಸಣ್ಣ ದೇಹಕ್ಕೆ ಅರಿವಳಿಕೆಯೇ ದೊಡ್ಡ ಗಂಡಾಂತರ. ಮಗ ಸಂಜೆಗೇ ಹುಲ್ಲು ಮೇಯತೊಡಗಿತು. ತಂದೆ ಮಾತ್ರ ಎರಡು ದಿನ ಬಾಯಿ ತೆರೆಯಲಿಲ್ಲ. ನೆನೆಸಿ ಅರೆದ ಆಹಾರವನ್ನು ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಅಂಚಿಗೆ ಹನಿಹನಿಯಾಗಿ ಉಣಿಸಬೇಕಾಯಿತು. ಮಾಡಿಸಲಾರೆನೆಂದು ಎದ್ದುಬಂದಿದ್ದ ಅಜ್ಜನೇ ಎರಡು ಇರುಳು ಕುಳಿತು ಉಣಿಸಿದರು. ಮೂರನೆಯ ಬೆಳಿಗ್ಗೆ ಅದು ಒಂದು ಗರಿಕೆಯ ಎಳೆಯನ್ನು ತಾನಾಗಿ ಕಚ್ಚಿತು.

ಶಸ್ತ್ರಕ್ರಿಯೆಯಾದೊಡನೆ ಗಂಡನ್ನು ಹೆಣ್ಣಿನ ಜೊತೆ ಬಿಡುವಂತಿಲ್ಲ. ದೇಹದಲ್ಲಿ ಉಳಿದ ವೀರ್ಯದಿಂದ ಕೆಲವು ವಾರಗಳವರೆಗೆ ಗರ್ಭ ನಿಲ್ಲಬಹುದಾದ್ದರಿಂದ ಆರು ವಾರಗಳ ಕಾಯುವಿಕೆ ಅವಶ್ಯ. ಆ ಅವಧಿಯಲ್ಲಿ ಗಂಡುಗಳ ಗೂಡುಗಳನ್ನು ಹೆಣ್ಣುಗಳ ಗೂಡಿನ ಎರಡು ಮಗ್ಗುಲಿಗೆ ತಂದಿಟ್ಟು, ನಡುವೆ ಜಾಲರಿ ಹಾಕಿದರು. ಮುಟ್ಟಲಾಗದಿದ್ದರೂ ನೋಡಬಹುದು, ಮೂಸಬಹುದು, ಕರೆಗೆ ಓಗೊಡಬಹುದು. ಹಿರಿಯ ಗಂಡು ಜಾಲರಿಗೆ ಒರಗಿ ಮಲಗತೊಡಗಿತು. ಏಪ್ರಿಲ್ ಕೊನೆಯಲ್ಲಿ ಎರಡು ಹೆಣ್ಣುಗಳೂ ಸುಖವಾಗಿ ಹೆತ್ತವು. ಒಟ್ಟು ಮೂರು ಮರಿಗಳು. ಈ ಸಲ ಅಂದೇ ವೈದ್ಯೆಗೆ ತೋರಿಸಿದರು. ಅದೃಷ್ಟವಶಾತ್ ಮೂರೂ ಹೆಣ್ಣು.

ಮೇ ತಿಂಗಳ ಎರಡನೆಯ ವಾರದಲ್ಲಿ ಅವುಗಳನ್ನು ಸೇರಿಸಿದ ಕ್ರಮವು ಸಾಕುವವರೆಲ್ಲರಿಗೂ ಉಪಯುಕ್ತ. ಒಬ್ಬರ ಗೂಡಿಗೆ ಇನ್ನೊಬ್ಬರನ್ನು ನೂಕಲಿಲ್ಲ. ಯಾರದೂ ಅಲ್ಲದ ಜಾಗದಲ್ಲಿ, ಅಂದರೆ ತೊಳೆದು ಒಣಗಿಸಿದ ಪಡಸಾಲೆಯ ನೆಲದಲ್ಲಿ, ಅಲ್ಲಲ್ಲಿ ಹುಲ್ಲಿನ ರಾಶಿ ಹಾಕಿ ಎಲ್ಲರನ್ನೂ ಒಟ್ಟಿಗೆ ಬಿಟ್ಟರು. ಆದರೆ ಎರಡು ಗಂಡುಗಳನ್ನು ಒಂದೇ ಕೂಟದಲ್ಲಿ ಎಂದೂ ಬಿಡಲಿಲ್ಲ. ತಂದೆಯ ಕೂಟಕ್ಕೆ ಒಬ್ಬ ಮಗಳೂ ಅವಳ ಎರಡು ಮರಿಗಳೂ. ಮಗನ ಕೂಟಕ್ಕೆ ಇನ್ನೊಬ್ಬ ಮಗಳೂ ಅವಳ ಒಂದು ಮರಿಯೂ. ಗಂಡು ಗುರುಗುಟ್ಟುತ್ತ, ಹಿಂಭಾಗವನ್ನು ಓಲಾಡಿಸುತ್ತ ಹೆಣ್ಣಿನ ಸುತ್ತ ಸುಳಿಯಿತು. ಇಷ್ಟವಿಲ್ಲದ ಹೆಣ್ಣು ಹಲ್ಲು ಕಟಕಟಿಸಿ, ಮೂತ್ರವನ್ನು ಚಿಮ್ಮಿಸಿ ದೂರಮಾಡಿತು. ಮೊಮ್ಮಗಳು ಬೇರ್ಪಡಿಸಲು ಧಾವಿಸಿದಾಗ ಅಜ್ಜಿ ಕೈಹಿಡಿದು ನಿಲ್ಲಿಸಿದರು. ರಕ್ತ ಬಾರದಿರುವವರೆಗೆ ಅವರವರ ಮಾತು ಅವರವರು ಆಡಿಕೊಳ್ಳಲೆಂದೇ ವೈದ್ಯೆ ಹೇಳಿದ್ದರು. ಒಂದು ಗಂಟೆ ಕಳೆಯುವಷ್ಟರಲ್ಲಿ ಎಲ್ಲವೂ ಒಂದೇ ರಾಶಿಯ ಹುಲ್ಲು ಮೇಯುತ್ತಿದ್ದವು.

ಗೂಡುಗಳನ್ನು ದೊಡ್ಡದು ಮಾಡಿಸಿದರು. ಒಂದೊಂದೂ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಅಡಗುವ ಮನೆಗಳಿಗೆ ಎರಡೆರಡು ಬಾಗಿಲು ಇಟ್ಟರು. ಒಂದೇ ಬಾಗಿಲಿದ್ದರೆ ಬಲಿಷ್ಠವಾದದ್ದು ಅಡ್ಡನಿಂತು ದುರ್ಬಲವಾದದ್ದನ್ನು ಒಳಗೇ ಸಿಕ್ಕಿಸಿಬಿಡುತ್ತದೆ. ನೀರಿನ ಬಾಟಲಿ ಎರಡು, ಹುಲ್ಲಿನ ಬುಟ್ಟಿ ಎರಡು. ಜಗಳದ ಬಹುಪಾಲು ಸ್ವಭಾವದಿಂದ ಹುಟ್ಟುವುದಿಲ್ಲ, ಇಕ್ಕಟ್ಟಿನಿಂದ ಹುಟ್ಟುತ್ತದೆ. ಕೂಡುಕುಟುಂಬಗಳಲ್ಲಿ ಬಾಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

2023ರ ನವೆಂಬರಿನಲ್ಲಿ ದೀಪಾವಳಿಯ ಪಾಡ್ಯ ಬಂದಿತು. ಹೊಸ ಕಿರ್ದಿಗೆ ಪೂಜೆಯಾದ ಮೇಲೆ ಅಜ್ಜ ಹಳೆಯ ಕಿರ್ದಿಯನ್ನು ತರಿಸಿ, ವರ್ಷದ ಹಿಂದಿನ ಆ ಪುಟವನ್ನು ತೆರೆದರು. ಮನೆಖರ್ಚು ಎಂದು ಬರೆದಿದ್ದ ಸಾಲನ್ನು ಹೊಡೆದುಹಾಕಲಿಲ್ಲ. ಬರೆದ ಲೆಕ್ಕವನ್ನು ಅಳಿಸುವುದು ಆ ಮನೆಯ ಪದ್ಧತಿಯಲ್ಲ. ಹೊಸ ಕಿರ್ದಿಯಲ್ಲಿ ಏಳು ಜೀವಗಳ ಹೆಸರಿನಲ್ಲಿ ಒಂದು ಖಾತೆ ತೆರೆದು, ಹುಲ್ಲು, ಸೊಪ್ಪು, ವೈದ್ಯರ ಶುಲ್ಕಗಳನ್ನು ಅದರಲ್ಲಿ ಬರೆಯುವಂತೆ ಮಗನಿಗೆ ಹೇಳಿದರು. ಮಗ, "ಧರ್ಮದ ಖಾತೆಗೆ ಹಾಕಲೇ, ಅಪ್ಪಾ?" ಎಂದು ಕೇಳಿದ. "ಬೇಡಪ್ಪಾ. ಕೊಡಬೇಕಾದ ಸಾಲದ ಖಾತೆಗೆ ಹಾಕು. ಐದಾರು ವರ್ಷ ಬದುಕುತ್ತವಂತೆ. ಕೊನೆಯದು ಇರುವವರೆಗೆ ಆ ಖಾತೆ ಮುಚ್ಚುವುದಿಲ್ಲ" ಎಂದರು. ಹುಡುಗಿ ಮಾತ್ರ ಅಷ್ಟಕ್ಕೆ ತೃಪ್ತಳಾಗಲಿಲ್ಲ. "ಏಳಲ್ಲ ಅಜ್ಜಾ, ಎಂಟು ಬರೆಯಿರಿ. ಹಿತ್ತಲಿನಲ್ಲಿ ಒಂದು ಇದೆಯಲ್ಲ" ಎಂದಳು. ಅಜ್ಜ ಏಳನ್ನು ಎಂಟು ಮಾಡಿದರು. ಆ ಮನೆಯ ಕಿರ್ದಿಯಲ್ಲಿ ತಿದ್ದಿದ ಅಂಕಿ ಅದೊಂದೇ.

ಮಕ್ಕಳ ಸಂತೋಷಕ್ಕೆಂದು ಜೀವಿಗಳನ್ನು ಕೊಂಡು ತರುವ ರೂಢಿ ಪೇಟೆಗಳಲ್ಲಿ ಹೆಚ್ಚುತ್ತಿದೆ. ಶ್ರಾವಕರ ಮನೆಗಳೂ ಇದಕ್ಕೆ ಹೊರತಲ್ಲ. ತರುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ: ಇದು ಗಂಡೋ ಹೆಣ್ಣೋ, ಯಾರು ನೋಡಿ ಹೇಳಿದರು? ಜೊತೆಯಿಲ್ಲದೆ ಇದು ಬದುಕೀತೆ? ಜೊತೆಯಿದ್ದರೆ ಹುಟ್ಟುವ ಮರಿಗಳಿಗೆ ಸ್ಥಳವೆಲ್ಲಿ? ಇದರ ಆಯುಷ್ಯ ಮುಗಿಯುವವರೆಗೆ ಈ ಮನೆ ಇದರದೇ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದವರು ಬರಿಗೈಯಲ್ಲಿ ಹಿಂದಿರುಗುವುದೇ ಉತ್ತಮ ದಯೆ. ಈಗಾಗಲೇ ತಂದವರು ಗೂಡಿನೊಳಗಿನ ಶಾಂತಿಯನ್ನು ಪ್ರಾಣಿಗಳಿಂದ ನಿರೀಕ್ಷಿಸಬಾರದು. ಗಂಡು ಗಂಡಿನಂತೆ, ಹೆಣ್ಣು ಹೆಣ್ಣಿನಂತೆ ನಡೆದುಕೊಳ್ಳುತ್ತವೆ. ಅವುಗಳ ಕರ್ಮದಲ್ಲಿ ಅಷ್ಟೇ ಇದೆ. ವಿವೇಕವಿರುವುದು ಬಾಗಿಲು ಹಾಕಿದವನಲ್ಲಿ. ಆದ್ದರಿಂದ ಲೆಕ್ಕವೂ ಅವನ ಹೆಸರಿನಲ್ಲಿಯೇ.